ಆಪರೇಷನ್‌ಗೆ ಮುಂಚೆ ಮಕ್ಕಳಿಗೆ ಕೊಡುವ ಮಂಪರು ಔಷಧ: ಯಾವಾಗ, ಎಷ್ಟು ಮುಂಚೆ, ಯಾಕೆ?

ಮಗುವಿಗೆ ಹರ್ನಿಯಾ, ಟಾನ್ಸಿಲ್ ಅಥವಾ ಸೀಳುತುಟಿಯ ಆಪರೇಷನ್ ಅಂತ ದಿನ ಗೊತ್ತಾದ ಕೂಡಲೇ ಮನೆಯವರ ಪ್ರಶ್ನೆಗಳೆಲ್ಲ ಹೊಲಿಗೆ, ನೋವು, ಖರ್ಚಿನ ಸುತ್ತ ತಿರುಗುತ್ತವೆ. ಥಿಯೇಟರ್ ಬಾಗಿಲು ತೆರೆಯುವ ಮೊದಲಿನ ಒಂದು ಗಂಟೆಯ ಬಗ್ಗೆ ಯಾರೂ ಕೇಳುವುದಿಲ್ಲ. ಮಗು ರಂಪ ಮಾಡುವುದೂ, ತಾಯಿ ಕಣ್ಣೀರು ಹಾಕುವುದೂ, 'ಔಷಧ ಹತ್ತಿಲ್ಲ' ಅಂತ ಸಿಸ್ಟರ್ ಜೊತೆ ಜಗಳ ಆಗುವುದೂ ಆ ಹೊತ್ತಿನಲ್ಲೇ. ಹುಬ್ಬಳ್ಳಿಯ ಕಿಮ್ಸ್ ಇರಲಿ, ಸತ್ತೂರಿನ ಎಸ್‌ಡಿಎಂ ಇರಲಿ, ಗದಗ, ಹಾವೇರಿಯ ಆಸ್ಪತ್ರೆಗಳಿರಲಿ, ಮಕ್ಕಳ ಆಪರೇಷನ್‌ಗೆ ಬರುವ ಮನೆಯವರಿಗಾಗಿ ಇಲ್ಲಿ ಉತ್ತರ ಬರೆದಿದ್ದೇವೆ. ಇಲ್ಲಿರುವ ಪ್ರಮಾಣಗಳು ನಿಮ್ಮ ತಿಳಿವಳಿಕೆಗೆ ಮಾತ್ರ. ನಿಮ್ಮ ಮಗುವಿಗೆ ಏನು, ಎಷ್ಟು, ಯಾವಾಗ ಅನ್ನುವುದನ್ನು ಅರಿವಳಿಕೆ ಡಾಕ್ಟರೇ ನಿರ್ಧರಿಸಬೇಕು.

ಮಂಪರು ಔಷಧ ಅಂದರೆ ಅರಿವಳಿಕೆಯೇನಾ?

ಅಲ್ಲ. ಅರಿವಳಿಕೆ ಕೊಡುವುದು ಥಿಯೇಟರ್ ಒಳಗೆ. ಅದರಲ್ಲಿ ಮಗುವಿಗೆ ನೋವು, ಎಚ್ಚರ ಎರಡೂ ಇರುವುದಿಲ್ಲ. ಮಂಪರು ಔಷಧ ಅದಕ್ಕೂ ಮುಂಚೆ ವಾರ್ಡಿನಲ್ಲೋ, ಥಿಯೇಟರ್ ಪಕ್ಕದ ಕೋಣೆಯಲ್ಲೋ ಕೊಡುವಂಥದ್ದು. ಭಯ ಕಡಿಮೆ ಮಾಡುವುದು, ಅಮ್ಮನ ತೋಳಿನಿಂದ ಸಿಸ್ಟರ್ ತೋಳಿಗೆ ಹೋಗುವಾಗ ಮಗು ಚೀರದಂತೆ ನೋಡಿಕೊಳ್ಳುವುದು, ಮುಖಕ್ಕೆ ಮಾಸ್ಕ್ ಇಟ್ಟಾಗ ತಳ್ಳದಂತೆ ಮಾಡುವುದು ಇದರ ಕೆಲಸ. ನೋವು ಕಡಿಮೆ ಮಾಡುವುದು ಇದರ ಮುಖ್ಯ ಕೆಲಸವಲ್ಲ.

ಎಲ್ಲ ಮಕ್ಕಳಿಗೂ ಕೊಡುತ್ತಾರಾ?

ಇಲ್ಲ. ಆರೇಳು ತಿಂಗಳ ಒಳಗಿನ ಕೂಸಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆ ವಯಸ್ಸಿನ ಕೂಸು ಯಾರ ಕೈಗಾದರೂ ಹೋಗುತ್ತದೆ. ಎಂಟು ತಿಂಗಳು ದಾಟಿದ ಮೇಲೆ ಗುರುತಿಲ್ಲದವರನ್ನು ಕಂಡರೆ ಅಳು ಶುರು. ಒಂದರಿಂದ ಐದು ವರ್ಷದವರೆಗೆ ಅಗಲಿಕೆಯ ಭಯ ಜಾಸ್ತಿ, ಹಾಗಾಗಿ ಈ ಔಷಧ ಹೆಚ್ಚು ಉಪಯೋಗಕ್ಕೆ ಬರುವುದೂ ಈ ವಯಸ್ಸಿಗೇ. ಏಳೆಂಟು ವರ್ಷದ ಮಕ್ಕಳಿಗೆ ಸರಿಯಾಗಿ ಹೇಳಿ ಒಪ್ಪಿಸಿದರೆ ಎಷ್ಟೋ ಸಲ ಔಷಧವೇ ಬೇಡ. ಆದರೆ ಹಿಂದೆ ಆಪರೇಷನ್ ಆಗಿ ಹೆದರಿದ ಮಗು ಎಷ್ಟೇ ದೊಡ್ಡದಿದ್ದರೂ ಡಾಕ್ಟರಿಗೆ ಹೇಳಿ.

ಹಾಗಾದರೆ ಎಷ್ಟು ಹೊತ್ತು ಮುಂಚೆ ಕೊಡಬೇಕು?

ಒಂದೊಂದು ಔಷಧಕ್ಕೂ ಬೇರೆ ಬೇರೆ ಸಮಯ. ಗೊಂದಲ ಆಗುವುದೂ ಇಲ್ಲೇ.

ಹೆಚ್ಚಾಗಿ ಬಳಸುವುದು ಮಿಡಜೋಲಾಮ್. ಬಾಯಿಯಲ್ಲಿ ಕೊಡುವುದಾದರೆ ಒಂದು ಕೆಜಿ ತೂಕಕ್ಕೆ ಸುಮಾರು ಅರ್ಧ ಮಿಲಿಗ್ರಾಂ. ಮಗು ಎಷ್ಟೇ ತೂಕವಿದ್ದರೂ ಸಾಮಾನ್ಯವಾಗಿ 15ರಿಂದ 20 ಮಿಲಿಗ್ರಾಂ ದಾಟಿಸುವುದಿಲ್ಲ. ಕುಡಿದ ಹತ್ತು ಹದಿನೈದು ನಿಮಿಷಕ್ಕೆ ಕೆಲಸ ಶುರು. ಇಪ್ಪತ್ತರಿಂದ ಮೂವತ್ತು ನಿಮಿಷಕ್ಕೆ ಚೆನ್ನಾಗಿ ಹತ್ತಿರುತ್ತದೆ. ಮುಕ್ಕಾಲು ಗಂಟೆ ದಾಟಿದ ಮೇಲೆ ಇಳಿಯತೊಡಗುತ್ತದೆ. ಅಂದರೆ ಔಷಧ ಚೆನ್ನಾಗಿ ಹತ್ತಿದ ಮೇಲೆ ಮಗುವನ್ನು ಒಳಗೆ ಕರೆದೊಯ್ಯಲು ಸಿಗುವ ಒಳ್ಳೆಯ ಹೊತ್ತು ಸುಮಾರು ಕಾಲು ಗಂಟೆಯದ್ದು, ಹೆಚ್ಚೆಂದರೆ ಅರ್ಧ ಗಂಟೆ. ಅದಕ್ಕಿಂತ ಮೊದಲು ಹೋದರೆ ಮಗು ಅಳುತ್ತದೆ, ತಡವಾಗಿ ಹೋದರೂ ಅಳುತ್ತದೆ. ಎರಡೂ ಸಲ ಬೈಗುಳ ಬೀಳುವುದು ಔಷಧಕ್ಕೆ!

ಅದೇ ಮಿಡಜೋಲಾಮನ್ನು ಮೂಗಿನಲ್ಲಿ ಹಾಕಿದರೆ ಹತ್ತು ಹದಿನೈದು ನಿಮಿಷ ಸಾಕು. ಆದರೆ ಮೂಗು ಚುರುಚುರು ಉರಿಯುತ್ತದೆ. ಅಳು ನಿಲ್ಲಿಸಲು ಕೊಟ್ಟ ಔಷಧಕ್ಕೇ ಮಗು ಅಳುವುದು ಸ್ವಲ್ಪ ವಿಚಿತ್ರ, ಅಲ್ವಾ? ಅದಕ್ಕೇ ಕೆಲವರು ಮೂಗಿಗೆ ಡೆಕ್ಸ್‌ಮೆಡಿಟೊಮಿಡಿನ್ ಹಾಕುತ್ತಾರೆ. ಅದು ಉರಿಯುವುದಿಲ್ಲ. ಪ್ರಮಾಣ ಕೆಜಿಗೆ ಒಂದರಿಂದ ಎರಡು ಮೈಕ್ರೋಗ್ರಾಂ. ನಿದ್ದೆ ನಿಜವಾದ ನಿದ್ದೆಯ ಹಾಗೇ ಇರುತ್ತದೆ. ಆದರೆ ಇದು ನಿಧಾನ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾಯಬೇಕು. ನಾಡಿ ಬಡಿತ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಅದನ್ನು ನೋಡುತ್ತಿರಬೇಕು.

ಬಾಯಿಯಲ್ಲಿ ಕೊಡುವ ಕ್ಲೋನಿಡಿನ್ ಇನ್ನೂ ನಿಧಾನ, ಒಂದರಿಂದ ಒಂದೂವರೆ ಗಂಟೆ ಮುಂಚೆ ಕೊಡಬೇಕು. ಪಕ್ಕದ ಬೆಡ್ಡಿನ ಮಗುವಿಗೆ ಎಂಟು ಗಂಟೆಗೆ ಕೊಟ್ಟು ನಿಮ್ಮ ಮಗುವಿಗೆ ಒಂಬತ್ತಾದರೂ ಕೊಟ್ಟಿಲ್ಲ ಅಂದರೆ ಮರೆತಿದ್ದಾರೆ ಅಂತಲ್ಲ. ಔಷಧ ಬೇರೆ ಇರಬಹುದು, ಅಥವಾ ಸರದಿ ಬೇರೆ ಇರಬಹುದು. ಅನುಮಾನ ಬಂದರೆ 'ಯಾವ ಔಷಧ, ಎಷ್ಟು ಗಂಟೆಗೆ?' ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

'ಕುಡದು ಹತ್ತು ನಿಮಿಷ ಆತ್ರೀ, ಇನ್ನೂ ನಿದ್ದಿ ಬಂದಿಲ್ಲ. ಔಷಧ ಹತ್ತಿಲ್ಲೇನು?'

ವಾರ್ಡಿನಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಮೊದಲನೆಯದು, ಹತ್ತು ನಿಮಿಷ ಸಾಲದು. ಎರಡನೆಯದು, ಮಿಡಜೋಲಾಮ್ ಕುಡಿದ ಮಗು ಮಲಗಲೇಬೇಕು ಅಂತ ಇಲ್ಲ. ಕಣ್ಣು ಬಿಟ್ಟುಕೊಂಡೇ ಇರಬಹುದು. ಸುಮ್ನೆ ನಗಬಹುದು, ಬಿಕ್ಕಳಿಕೆ ಬರಬಹುದು, ಮಾತು ತೊದಲಬಹುದು, ತಲೆ ನೇರ ನಿಲ್ಲದೆ ವಾಲಬಹುದು. ಭಯ ಹೋಗಿದ್ದರೆ ಔಷಧ ಕೆಲಸ ಮಾಡಿದೆ ಅಂತಲೇ ಅರ್ಥ.

ಇದರ ಜೊತೆಗೆ ಇನ್ನೊಂದು ಉಪಕಾರ ಉಂಟು. ಔಷಧ ಹತ್ತಿದ ಮೇಲೆ ನಡೆದದ್ದು ಎಷ್ಟೋ ಮಕ್ಕಳಿಗೆ ನೆನಪಿರುವುದಿಲ್ಲ. ಈ ಮರೆವು ಹತ್ತು ನಿಮಿಷಕ್ಕೇ ಶುರುವಾಗುತ್ತದೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಿವಳಿಕೆ ತಜ್ಞ ಝೀವ್ ಕೇನ್ ಮತ್ತು ಜೊತೆಗಾರರು 2000ನೇ ಇಸವಿಯಲ್ಲಿ ತೋರಿಸಿಕೊಟ್ಟಿದ್ದಾರೆ. ನಿಮಗೆ ಮಾತ್ರ ಮಗು ಬಾಗಿಲಲ್ಲಿ ಅತ್ತದ್ದು ವರ್ಷಗಟ್ಟಲೆ ನೆನಪಿರುತ್ತದೆ.

ನಮ್ಮ ಸರದಿ ತಡವಾದರೆ? ಇನ್ನೊಂದು ಸಲ ಕೊಡುತ್ತಾರಾ?

ಹಿಂದಿನ ಆಪರೇಷನ್ ಎಳೆದುಕೊಂಡು ಹೋಗುವುದು, ನಡುವೆ ಒಂದು ತುರ್ತು ಕೇಸ್ ಬರುವುದು ಮಾಮೂಲು. ಅದಕ್ಕೇ ಈಗ ಗಡಿಯಾರ ನೋಡಿ ಕೊಡುವುದಕ್ಕಿಂತ ಥಿಯೇಟರಿನಿಂದ ಫೋನ್ ಬಂದ ಮೇಲೆ ಕೊಡುವುದೇ ಒಳ್ಳೆಯದು ಎಂದು ತುಂಬಾ ಕಡೆ ಪಾಲಿಸುತ್ತಾರೆ. ಹಿಂದಿನ ಕೇಸಿಗೆ ಹೊಲಿಗೆ ಶುರುವಾದಾಗ ಒಳಗಿನವರು ವಾರ್ಡಿಗೆ ಹೇಳಿದರೆ, ಇಲ್ಲಿ ಕುಡಿಸಿ ಅಲ್ಲಿಗೆ ಹೋಗುವಷ್ಟರಲ್ಲಿ ಸರಿಹೋಗುತ್ತದೆ. ನನ್ನ ಪ್ರಕಾರ ಮಗು ಅಳದೆ ಒಳಗೆ ಹೋಗುವುದು ದುಬಾರಿ ಔಷಧಕ್ಕಿಂತ ಈ ಒಂದು ಫೋನ್ ಕರೆಯ ಮೇಲೆ ನಿಂತಿದೆ.

ಕೊಟ್ಟ ಮೇಲೆ ತಡವಾಗಿ ಔಷಧ ಇಳಿದುಹೋದರೆ ಏನು ಮಾಡಬೇಕೆಂದು ಡಾಕ್ಟರೇ ಬಂದು ನೋಡಿ ಹೇಳುತ್ತಾರೆ. ಪೂರ್ತಿ ಪ್ರಮಾಣ ಮತ್ತೆ ಕೊಟ್ಟರೆ ಹಳೆಯದೂ ಹೊಸದೂ ಸೇರಿ ಉಸಿರಾಟ ನಿಧಾನವಾಗಬಹುದು. ಹಾಗಾಗಿ 'ಇನ್ನೊಂದು ಮುಚ್ಚಳ ಹಾಕ್ರಿ' ಅಂತ ಒತ್ತಾಯ ಬೇಡ.

ಪುಟ್ಟ ಮಕ್ಕಳನ್ನು ಪಟ್ಟಿಯಲ್ಲಿ ಮೊದಲು ಹಾಕುವುದೂ ಇದಕ್ಕೇ. ಬೆಳಗಿನ ಮೊದಲ ಕೇಸಿಗೆ ಸಮಯ ಹೆಚ್ಚುಕಡಿಮೆ ಆಗುವುದು ಅಪರೂಪ, ಹಸಿದುಕೊಂಡು ಇರಬೇಕಾದ ಹೊತ್ತೂ ಕಡಿಮೆ.

ನಾವು ಮುಂಡರಗಿಯಿಂದ ಬರಬೇಕು. ಮನೆಯಲ್ಲೇ ಕುಡಿಸಿ ಕರೆದುಕೊಂಡು ಬಂದರೆ ದಾರಿಯಲ್ಲಿ ಮಲಗಿರುತ್ತದೆ ಅಲ್ವಾ?

ದಯವಿಟ್ಟು ಬೇಡ. ಮಂಪರು ಔಷಧ ಹತ್ತಿದ ಮಗುವಿನ ಉಸಿರು ನೋಡಿಕೊಳ್ಳಲು ಆಕ್ಸಿಜನ್, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ, ಬೆರಳಿಗೆ ಹಾಕುವ ಮೀಟರ್, ಗೊತ್ತಿರುವ ಒಬ್ಬ ಸಿಸ್ಟರ್ ಪಕ್ಕದಲ್ಲಿರಬೇಕು. ಬಸ್ಸಿನಲ್ಲಿ ತೊಡೆ ಮೇಲೆ ಮಲಗಿದ ಮಗುವಿನ ಕತ್ತು ಮುಂದಕ್ಕೆ ಬಿದ್ದರೆ ಉಸಿರಿನ ದಾರಿ ಕಟ್ಟಬಹುದು. ನೀವು ನಿದ್ದೆ ಅಂದುಕೊಂಡಿರುತ್ತೀರಿ. ಅದೂ ಅಲ್ಲದೆ ಗದಗದಿಂದ ಹುಬ್ಬಳ್ಳಿಗೆ ಬರುವಷ್ಟರಲ್ಲೇ ಮಿಡಜೋಲಾಮ್ ಇಳಿಯತೊಡಗಿರುತ್ತದೆ. ಅಪಾಯವೂ ಆಯಿತು, ಉಪಯೋಗವೂ ಇಲ್ಲ.

ಹಿಂದಿನ ರಾತ್ರಿ ನೆಗಡಿ ಸಿರಪ್ ಕುಡಿಸಿ ಮಲಗಿಸುವುದೂ ಬೇಡ. ಪ್ರೊಮೆಥಜಿನ್ ಇರುವ ಸಿರಪ್ ಎರಡು ವರ್ಷದೊಳಗಿನ ಮಕ್ಕಳಲ್ಲಿ ಉಸಿರನ್ನೇ ನಿಲ್ಲಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ಇನ್ನೊಂದು ವಿಷಯ, ಮನೆಯಲ್ಲಿ ಅಜ್ಜಿ ಕೂಸಿಗೆ ಜಾಯಿಕಾಯಿ ತೇಯ್ದು ನೆಕ್ಕಿಸುವ ರೂಢಿ ಇದ್ದರೆ ಮುಚ್ಚಿಡಬೇಡಿ. ಯಾರೂ ಬೈಯುವುದಿಲ್ಲ. ಆದರೆ ಡಾಕ್ಟರಿಗೆ ಗೊತ್ತಿರಬೇಕು.

ಊಟ, ಹಾಲು, ನೀರು ಯಾವಾಗ ನಿಲ್ಲಿಸಬೇಕು?

ಮಂಪರು ಔಷಧದ ಸಮಯ ಎಷ್ಟು ಮುಖ್ಯವೋ ಇದು ಅದಕ್ಕಿಂತ ಒಂದು ಕೈ ಮೇಲು. ಹೊಟ್ಟೆಯಲ್ಲಿ ಇದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಎಚ್ಚರ ಇದ್ದಾಗ ಕೆಮ್ಮಿ ಹೊರಹಾಕುತ್ತೇವೆ. ಮಂಪರಿನಲ್ಲಿ, ಅರಿವಳಿಕೆಯಲ್ಲಿ ಆ ಕಾವಲು ಇರುವುದಿಲ್ಲ.

ಬಹಳ ಕಡೆ ಪಾಲಿಸುವ ಲೆಕ್ಕ ಹೀಗಿದೆ. ಉಪ್ಪಿಟ್ಟು, ಇಡ್ಲಿ, ಅನ್ನದಂಥ ಹಗುರ ಊಟ, ಹಸುವಿನ ಹಾಲು, ಎಮ್ಮೆ ಹಾಲು, ಪುಡಿ ಹಾಲು ಆರು ಗಂಟೆ ಮುಂಚೆ ನಿಲ್ಲಬೇಕು. ಮಿರ್ಚಿ, ಕರಿದದ್ದು, ಮಾಂಸ ತಿಂದಿದ್ದರೆ ಎಂಟು ಗಂಟೆ. ತಾಯಿಯ ಹಾಲು ನಾಲ್ಕು ಗಂಟೆ. ತಿಳಿನೀರು, ಸಕ್ಕರೆ ನೀರು ಎರಡು ಗಂಟೆ. ಯುರೋಪಿನ ಅರಿವಳಿಕೆ ತಜ್ಞರ ಸಂಘ 2022ರಲ್ಲಿ ಮಕ್ಕಳಿಗೆ ತಿಳಿನೀರನ್ನು ಒಂದು ಗಂಟೆ ಮುಂಚಿನವರೆಗೂ ಕೊಡಬಹುದು ಎಂದಿದೆ. ನಿಮ್ಮ ಆಸ್ಪತ್ರೆ ಯಾವುದನ್ನು ಹೇಳುತ್ತದೋ ಅದನ್ನೇ ಪಾಲಿಸಿ.

ಇಲ್ಲಿ ನಮ್ಮ ಕಡೆಯವರು ಎಡವುವ ಜಾಗ ಮೂರ್ನಾಲ್ಕು. ಮಜ್ಜಿಗೆ ತಿಳಿನೀರಲ್ಲ, ಎಷ್ಟು ತೆಳ್ಳಗಿದ್ದರೂ ಅಲ್ಲ. ರಾಗಿ ಅಂಬಲಿ, ಗಂಜಿ ಊಟದ ಲೆಕ್ಕ. ಹಾಲು ಹಾಕಿದ ಚಹಾ ಹಾಲಿನ ಲೆಕ್ಕ, ಅದರಲ್ಲಿ ಬಿಸ್ಕತ್ ಅದ್ದಿ ಕೊಟ್ಟರಂತೂ ಮುಗಿಯಿತು. ಇನ್ನು ಪೇಡಾ! ನೋಡಲು ಬಂದ ನೆಂಟರು 'ಒಂದು ತುಣುಕು ತಾನೇ' ಅಂತ ಬಾಯಿಗಿಡುವುದು ಉಂಟು. ಹಾಗೆ ಆದರೆ ಕೂಡಲೇ ಹೇಳಿಬಿಡಿ. ಆಪರೇಷನ್ ಸ್ವಲ್ಪ ಹೊತ್ತು ಮುಂದೆ ಹೋಗುತ್ತದೆ, ಅಷ್ಟೇ. ಮುಚ್ಚಿಟ್ಟರೆ ಆಗುವುದು ಬೇರೆ.

ಇದರ ಉಲ್ಟಾ ಕೂಡ ತಪ್ಪು. 'ಉಪವಾಸ ಅಂದಿದ್ದಾರೆ' ಅಂತ ರಾತ್ರಿ ಎಂಟಕ್ಕೆ ಊಟ ಮಾಡಿಸಿ ಮರುದಿನ ಹನ್ನೊಂದರವರೆಗೆ ಹನಿ ನೀರೂ ಕೊಡದೆ ಕೂರಿಸುವುದನ್ನು ನೋಡುತ್ತೇವೆ. ಹಸಿದ, ಬಾಯಾರಿದ ಮಗುವಿಗೆ ಯಾವ ಮಂಪರು ಔಷಧವೂ ಸರಿಯಾಗಿ ನೆಮ್ಮದಿ ಕೊಡುವುದಿಲ್ಲ. ಹೇಳಿದ ಹೊತ್ತಿನವರೆಗೆ ನೀರು ಕುಡಿಸಿ.

ಒಂಬತ್ತೂವರೆಗೆ ಆಪರೇಷನ್ ಅಂದುಕೊಳ್ಳಿ. ಹಾಲು ಬೆಳಗಿನ ಮೂರೂವರೆಗೇ ನಿಲ್ಲಬೇಕು. ತಾಯಿ ಹಾಲು ಐದೂವರೆವರೆಗೆ, ಸಕ್ಕರೆ ನೀರು ಏಳೂವರೆವರೆಗೆ. ಮಿಡಜೋಲಾಮ್ ಒಂಬತ್ತರ ಹೊತ್ತಿಗೆ. ಸತ್ತೂರಿಗೆ ಹಾವೇರಿ ಕಡೆಯಿಂದ ಬರುವವರು ದಾರಿಯಲ್ಲಿ ನಾಷ್ಟಾಕ್ಕೆ ನಿಲ್ಲಿಸುವ ಲೆಕ್ಕ ಇದರಲ್ಲಿ ಕೂರುವುದಿಲ್ಲ. ದೊಡ್ಡವರೂ ಮಗುವಿನ ಎದುರು ತಿನ್ನಬೇಡಿ.

ಔಷಧ ಕುಡಿಸಿದರೆ ಉಪವಾಸ ಮುರಿಯುವುದಿಲ್ಲವಾ?

ಇಲ್ಲ. ಅದು ಕೆಲವೇ ಎಂಎಲ್.

ಅರ್ಧ ಉಗುಳಿಬಿಟ್ಟಿತು. ಈಗೇನು?

ಮಿಡಜೋಲಾಮ್ ಕಹಿ, ತುಂಬಾ ಕಹಿ. ಸಿಹಿ ಸಿರಪ್‌ನಲ್ಲಿ ಬೆರೆಸಿ ಕೊಟ್ಟರೂ ನಾಲಿಗೆ ಹಿಂದೆ ಕಹಿ ಉಳಿಯುತ್ತದೆ. ಸಿರಿಂಜಿನಲ್ಲಿ ಕೆನ್ನೆಯ ಒಳಭಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕುವುದು ಒಳ್ಳೆಯದು. ಮೂಗು ಹಿಡಿದು ಸುರಿಯಬಾರದು. ಉಗುಳಿದರೆ ಎಷ್ಟು ಒಳಗೆ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಅಂದಾಜಿನ ಮೇಲೆ ಮತ್ತೆ ಕೊಡುವುದಿಲ್ಲ. ಡಾಕ್ಟರ್ ಸ್ವಲ್ಪ ಕಾದು ನೋಡುತ್ತಾರೆ, ಬೇಕಾದರೆ ಬೇರೆ ದಾರಿ ಹಿಡಿಯುತ್ತಾರೆ. ಉಗುಳಿದ್ದನ್ನು ಬಟ್ಟೆಯಲ್ಲಿ ಒರೆಸಿ ಸುಮ್ಮನಾಗಬೇಡಿ, ಹೇಳಿ.

ತೂಕ ಪದೇ ಪದೇ ಯಾಕೆ ಕೇಳುತ್ತಾರೆ?

ಪ್ರಮಾಣವೆಲ್ಲ ತೂಕದ ಮೇಲೆ. ಹನ್ನೆರಡು ಕೆಜಿ ಮಗುವಿಗೆ ಆರು ಮಿಲಿಗ್ರಾಂ. 'ಹದಿನೈದು ಇರಬೇಕ್ರಿ' ಅಂತ ಅಂದಾಜು ಹೇಳಿದರೆ ಏಳೂವರೆ ಆಗಿಬಿಡುತ್ತದೆ. ಅಂಗನವಾಡಿ ಕಾರ್ಡಿನ ಹಳೆಯ ತೂಕ ಬೇಡ. ಅವತ್ತೇ, ಅಲ್ಲೇ ತೂಗಿಸಿ.

ಯಾವ ಮಕ್ಕಳಿಗೆ ಕೊಡದಿರುವುದೇ ಒಳ್ಳೆಯದು?

ಗೊರಕೆ ಹೊಡೆಯುವ ಮಕ್ಕಳ ಬಗ್ಗೆ ಮೊದಲು ಹೇಳಬೇಕು. ಟಾನ್ಸಿಲ್, ಮೂಗಿನ ಹಿಂಭಾಗದ ಅಡಿನಾಯ್ಡ್ ದೊಡ್ಡದಾಗಿ ನಿದ್ದೆಯಲ್ಲಿ ನಡುನಡುವೆ ಉಸಿರು ನಿಲ್ಲುವ ಮಕ್ಕಳಿಗೆ ಮಂಪರು ಔಷಧದಿಂದ ಗಂಟಲಿನ ಸ್ನಾಯು ಇನ್ನೂ ಸಡಿಲವಾಗುತ್ತದೆ. ಅಂಥವರಿಗೆ ಕೊಡುವುದೇ ಇಲ್ಲ, ಇಲ್ಲವೇ ಕಡಿಮೆ ಕೊಟ್ಟು ಕಣ್ಣಿಟ್ಟು ಕಾಯುತ್ತಾರೆ. ಮಗು ಮಲಗಿದಾಗ ಮೊಬೈಲಿನಲ್ಲಿ ಒಂದೆರಡು ನಿಮಿಷ ವಿಡಿಯೊ ಮಾಡಿಕೊಂಡು ಬನ್ನಿ. ಹತ್ತು ಪ್ರಶ್ನೆಗೆ ಸಿಗದ ಉತ್ತರ ಅದರಲ್ಲಿ ಸಿಗುತ್ತದೆ.

ದವಡೆ ಚಿಕ್ಕದಿದ್ದು ಉಸಿರಿನ ದಾರಿ ಕಿರಿದಾಗಿರುವ ಮಕ್ಕಳು, ತಲೆಯೊಳಗೆ ಒತ್ತಡ ಜಾಸ್ತಿ ಇರುವವರು, ಹೊಟ್ಟೆ ತುಂಬಿದ್ದಾಗಲೇ ತುರ್ತಾಗಿ ಬಂದವರು, ದಿನ ತುಂಬುವ ಮೊದಲೇ ಹುಟ್ಟಿದ ಎಳೆಗೂಸುಗಳು, ಇವರಿಗೂ ಎಚ್ಚರ ಬೇಕು.

ಜ್ವರ, ಹಳದಿ ಸಿಂಬಳ, ಎದೆಯಲ್ಲಿ ಗೊರಗೊರ ಇದ್ದರೆ ಹೊರಡುವ ಮೊದಲೇ ಫೋನ್ ಮಾಡಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಮುಂದೂಡುತ್ತಾರೆ. ರಜೆ ಹಾಕಿ, ಗಾಡಿ ಮಾಡಿಕೊಂಡು ಬಂದ ಮೇಲೆ ವಾಪಸ್ ಹೋಗುವ ಬೇಜಾರು ನಮಗೂ ಅರ್ಥವಾಗುತ್ತದೆ. ಅದಕ್ಕೇ ಮುಂಚೆ ಫೋನ್.

ಮಗು ಬೇರೆ ಔಷಧ ತೆಗೆದುಕೊಳ್ಳುತ್ತಿದೆ. ಹೇಳಬೇಕಾ?

ಖಂಡಿತ ಹೇಳಿ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್ ನಡೆಯುತ್ತಿದ್ದರೆ ಮಿಡಜೋಲಾಮ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಮಂಪರು ಗಾಢವಾಗುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ನಡೆಯುತ್ತಿದ್ದರೆ ಉಲ್ಟಾ, ಔಷಧ ಸರಿಯಾಗಿ ಹತ್ತುವುದೇ ಇಲ್ಲ. ಹಾಗಂತ ಫಿಟ್ಸ್ ಗುಳಿಗೆ ನಿಲ್ಲಿಸಬೇಡಿ. ಡಾಕ್ಟರ್ ಬೇಡ ಅನ್ನದಿದ್ದರೆ ಆಪರೇಷನ್ ದಿನವೂ ಒಂದು ಗುಟುಕು ನೀರಿನಲ್ಲಿ ಕೊಡಬೇಕು. ಹೆಸರು ನೆನಪಿರದಿದ್ದರೆ ಬಾಟಲಿಯನ್ನೇ ತನ್ನಿ.

ಕೊಟ್ಟ ಮೇಲೆ ನಾವೇನು ಮಾಡಬೇಕು?

ಕೊಡುವ ಮೊದಲೇ ಒಂದಕ್ಕೆ ಕರೆದುಕೊಂಡು ಹೋಗಿ ಬನ್ನಿ. ಆಮೇಲೆ ನಡೆಸಬೇಡಿ, ಕಾಲು ತಡವರಿಸುತ್ತದೆ, ಬೀಳುತ್ತದೆ. ತೊಡೆ ಮೇಲೆ ಅಥವಾ ಪಕ್ಕದಲ್ಲಿ ಕಂಬಿ ಇರುವ ಬೆಡ್ಡಿನ ಮೇಲೆ ಇರಲಿ. ಬೆಳಕು, ಗದ್ದಲ ಕಡಿಮೆ ಮಾಡಿ. ಊರಿಂದ ಬಂದ ಏಳೆಂಟು ಜನ ಸುತ್ತ ನಿಂತು 'ನಿದ್ದಿ ಬಂತೇನೋ' ಅಂತ ಅಲುಗಾಡಿಸುತ್ತಿದ್ದರೆ ಔಷಧ ಪಾಪ ಏನು ಮಾಡೀತು? ಒಬ್ಬರೋ ಇಬ್ಬರೋ ಸಾಕು. ತುಟಿ ನೀಲಿಯಾದರೆ, ಗೊರಕೆಯ ಸದ್ದು ಬಂದರೆ, ಎಬ್ಬಿಸಿದರೂ ಸ್ಪಂದಿಸದಿದ್ದರೆ ಕೂಡಲೇ ಕೂಗಿ. ಬೆರಳಿಗೆ ಹಾಕಿದ ಮೀಟರ್ ಕಿತ್ತು ತೆಗೆಯದಂತೆ ನೋಡಿಕೊಳ್ಳಿ.

ಔಷಧ ಕೊಟ್ಟ ಮೇಲೆ ಮಗು ಇನ್ನೂ ಜಾಸ್ತಿ ಗಲಾಟೆ ಮಾಡುತ್ತಿದೆ!

ಕೆಲವೇ ಮಕ್ಕಳಲ್ಲಿ ಮಿಡಜೋಲಾಮ್ ಹೀಗೆ ಉಲ್ಟಾ ಹೊಡೆಯುತ್ತದೆ. ಸಿಟ್ಟು, ಅಳು, ಕೈಕಾಲು ಬಡಿಯುವುದು. ಸಿಸ್ಟರಿಗೆ ತಿಳಿಸಿ. ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ, ಬೇಕೇ ಬೇಕಾದರೆ ಮಿಡಜೋಲಾಮ್ ಪ್ರಭಾವವನ್ನು ಇಳಿಸುವ ಫ್ಲೂಮಜೆನಿಲ್ ಎಂಬ ಔಷಧ ಇದೆ. ಒಮ್ಮೆ ಹೀಗಾಗಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಬೇರೆ ಔಷಧ ಆರಿಸುತ್ತಾರೆ.

ತಾಯಿ ಒಳಗೆ ಬಂದರೆ ಔಷಧವೇ ಬೇಡ ಅಲ್ವಾ?

ಹಾಗೆ ಅನ್ನಿಸುವುದು ಸಹಜ. ಆದರೆ ಕೇನ್ ಅವರ ತಂಡ 1998ರಲ್ಲಿ ಎರಡನ್ನೂ ಹೋಲಿಸಿದಾಗ ತಂದೆತಾಯಿ ಜೊತೆಗಿರುವುದಕ್ಕಿಂತ ಮಿಡಜೋಲಾಮ್ ಕುಡಿದ ಮಕ್ಕಳೇ ಹೆಚ್ಚು ಶಾಂತವಾಗಿದ್ದರು. ತಾಯಿಯೇ ನಡುಗುತ್ತಿದ್ದರೆ ಮಗುವಿಗೆ ಅದು ಗೊತ್ತಾಗುತ್ತದೆ. ಸಮಾಧಾನವಾಗಿರುವ ಅಪ್ಪನೋ ಅತ್ತೆಯೋ ಹೋಗುವುದು ಎಷ್ಟೋ ಸಲ ಒಳ್ಳೆಯದು. ಒಳಗೆ ಬಿಡುವುದು ಬಿಡದಿರುವುದು ಆಸ್ಪತ್ರೆಯ ನಿಯಮ.

ಮೊಬೈಲಿನ ಕಾರ್ಟೂನ್, ಆಟ ಕೂಡ ಭಯ ಕಡಿಮೆ ಮಾಡುತ್ತವೆ. ಮೊಬೈಲ್ ಕೊಡಬೇಡಿ ಅಂತ ಬೇರೆ ದಿನ ಹೇಳೋಣ, ಇವತ್ತು ಕೊಡಿ. ಆದರೆ 'ಪೇಟೆಗೆ ಹೋಗೋಣ' ಅಂತ ಸುಳ್ಳು ಹೇಳಿ ಕರೆತರಬೇಡಿ.

ಸೂಜಿಯ ಭಯಕ್ಕೆ ಏನಾದರೂ ಇದೆಯಾ?

ಇದೆ. ಲಿಗ್ನೊಕೇನ್, ಪ್ರಿಲೊಕೇನ್ ಸೇರಿದ ಮರಗಟ್ಟಿಸುವ ಕ್ರೀಮ್ ಅನ್ನು ಕೈ ಮೇಲೆ ದಪ್ಪಗೆ ಹಚ್ಚಿ ಪ್ಲಾಸ್ಟಿಕ್ ಪಟ್ಟಿ ಅಂಟಿಸುತ್ತಾರೆ. ಇದಕ್ಕೂ ಸಮಯ ಬೇಕು, ಸುಮಾರು ಒಂದು ಗಂಟೆ. ಹಾಗಾಗಿ ಮಿಡಜೋಲಾಮ್‌ಗಿಂತ ಮೊದಲು ಇದೇ. ಹತ್ತು ನಿಮಿಷಕ್ಕೇ ಒರೆಸಿ ಚುಚ್ಚಿದರೆ ಪ್ರಯೋಜನವಿಲ್ಲ.

ಆಪರೇಷನ್ ಅಲ್ಲ, ಸ್ಕ್ಯಾನ್ ಇದೆ. ಅದಕ್ಕೂ ಇದೇನಾ?

ಹೃದಯದ ಎಕೋ, ಮೆದುಳಿನ ಇಇಜಿಯಂಥ ಪರೀಕ್ಷೆಗೆ ನಮ್ಮಲ್ಲಿ ಹೆಚ್ಚಾಗಿ ಟ್ರೈಕ್ಲೊಫೋಸ್ ಸಿರಪ್ ಕೊಡುತ್ತಾರೆ. ಹತ್ತಲು ಅರ್ಧದಿಂದ ಒಂದು ಗಂಟೆ ಬೇಕು, ಇಳಿಯಲೂ ನಿಧಾನ, ದಿನವಿಡೀ ತೂಕಡಿಕೆ ಇರಬಹುದು. ಇದನ್ನೂ ಆಸ್ಪತ್ರೆಯಲ್ಲೇ ಕುಡಿಸಬೇಕು.

ಮೆದುಳಿಗೆ ತೊಂದರೆ ಆಗುತ್ತದಾ?

ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಅಥವಾ ಮತ್ತೆ ಮತ್ತೆ ಅರಿವಳಿಕೆ, ಮಂಪರು ಔಷಧ ಕೊಡುವ ಬಗ್ಗೆ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಕೊಟ್ಟಿತು. ಆದರೆ ಒಂದು ಸಲದ, ಸ್ವಲ್ಪ ಹೊತ್ತಿನ ಅರಿವಳಿಕೆಯ ಮಾತು ಬೇರೆ. ಹರ್ನಿಯಾ ಆಪರೇಷನ್ ಆದ ಶಿಶುಗಳನ್ನು ಐದು ವರ್ಷದವರೆಗೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗಂಟೆಯೊಳಗಿನ ಪೂರ್ತಿ ಅರಿವಳಿಕೆ ಪಡೆದವರಿಗೂ ಎಚ್ಚರದಲ್ಲೇ ಬೆನ್ನಿಗೆ ಚುಚ್ಚಿ ಮಾಡಿದವರಿಗೂ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಂಡಿಲ್ಲ. ಬೇಕಾದ ಆಪರೇಷನ್ನನ್ನು ಈ ಹೆದರಿಕೆಗೆ ಮುಂದೂಡಬೇಡಿ.

ಅದೇ ದಿನ ಮನೆಗೆ ಹೋಗಬಹುದಾ?

ಸಣ್ಣ ಆಪರೇಷನ್ ಆದರೆ ಹೆಚ್ಚಾಗಿ ಹೌದು. ಮಗು ಪೂರ್ತಿ ಎಚ್ಚರವಾಗಿ, ನಿಮ್ಮ ಗುರುತು ಹಿಡಿದು, ವಯಸ್ಸಿಗೆ ತಕ್ಕಂತೆ ಕೂತು, ನೀರು ಕುಡಿದು ದಕ್ಕಿಸಿಕೊಂಡ ಮೇಲೆ ಬಿಡುತ್ತಾರೆ. ತೀರಾ ಚಿಕ್ಕ ಆಪರೇಷನ್ ಆಗಿದ್ದರೆ ಮಂಪರು ಔಷಧದಿಂದಾಗಿ ಎಚ್ಚರ ಸ್ವಲ್ಪ ತಡವಾಗಬಹುದು. ಎದ್ದ ಕೂಡಲೇ ಕೆಲವು ಮಕ್ಕಳು ಯಾರನ್ನೂ ಗುರುತಿಸದೆ ಅಳುವುದುಂಟು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ.

ಬೈಕ್ ಮೇಲೆ ನಡುವೆ ಕೂರಿಸಿಕೊಂಡು ಹೋಗುವುದು ಬೇಡವೇ ಬೇಡ. ಕಾರೋ ಆಟೋವೋ ಮಾಡಿಕೊಳ್ಳಿ. ಗಾಡಿ ಓಡಿಸುವವರನ್ನು ಬಿಟ್ಟು ಇನ್ನೊಬ್ಬರು ಪಕ್ಕದಲ್ಲಿ ಕೂತು ಮಗುವಿನ ಕತ್ತು ಬಾಗದಂತೆ ನೋಡಿಕೊಳ್ಳಲಿ. ಅವತ್ತು ಮೆಟ್ಟಿಲು, ಸೈಕಲ್, ಮಾಳಿಗೆ ಮೇಲಿನ ಆಟ ಬೇಡ. ಊಟ ಹಗುರವಾಗಿ ಶುರುವಾಗಲಿ, ಮೊದಲು ನೀರು, ಆಮೇಲೆ ಗಂಜಿ. ವಾಂತಿ ನಿಲ್ಲದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ಸರಿ ಇಲ್ಲ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಕರೆ ಮಾಡಿ. ಔಷಧದ ಹೆಸರು, ಕೊಟ್ಟ ಸಮಯ ಡಿಸ್ಚಾರ್ಜ್ ಚೀಟಿಯಲ್ಲಿ ಇದೆಯಾ ಅಂತ ಆಸ್ಪತ್ರೆ ಬಿಡುವ ಮೊದಲೇ ನೋಡಿಕೊಳ್ಳಿ. ರಾತ್ರಿ ಹೊತ್ತು ಹೊಸ ಡಾಕ್ಟರ್ ಮೊದಲು ಕೇಳುವುದು ಅದನ್ನೇ.